ಬ್ಯಾಟರಿ ಪಂಪಿನ ತಂತಿ ಬೆಸುಗೆಯ ಬುಡದಲ್ಲೇ ಏಕೆ ಕಡಿಯುತ್ತದೆ?

ಅಕ್ಕಲಕೋಟ, ಜತ್ತ ಸೀಮೆಯ ತೊಗರಿ ಬೆಳೆಗಾರರಿಗೆ ಹೂ ಕಾಯಾಗುವ ಕಾಲ ಬಹು ನಾಜೂಕಿನದು. ಕಾಯಿಕೊರಕದ ಮರಿಹುಳು ಸಣ್ಣದಿದ್ದಾಗಲೇ ಔಷಧ ಬೀಳಬೇಕು. ಅದು ಬಲಿತು ಕಾಯೊಳಗೆ ತಲೆ ತೂರಿಸಿದ ಮೇಲೆ ಹೊಡೆದದ್ದು ಬಹುಮಟ್ಟಿಗೆ ದಂಡ. ಅಂಥ ಹೊತ್ತಿನಲ್ಲಿ ಬೆನ್ನ ಮೇಲಿನ ಬ್ಯಾಟರಿ ಪಂಪು ಒಮ್ಮೆ ನಡೆದು ಒಮ್ಮೆ ನಿಂತು ಕೊನೆಗೆ ಸುಮ್ಮನಾದರೆ, ಕಲಸಿಟ್ಟ ಔಷಧವೂ ಹಾಳು, ಆ ದಿನದ ಆಳಿನ ಕೂಲಿಯೂ ಹಾಳು.

ಇಂಥ ಪಂಪುಗಳನ್ನು ಬಿಚ್ಚಿ ನೋಡಿದಾಗ ಮೋಟಾರು ಸುಟ್ಟಿದ್ದನ್ನು ನಾವು ಕಂಡದ್ದು ಕಡಿಮೆ. ಹೆಚ್ಚಿನವಕ್ಕೆಲ್ಲ ಒಂದೇ ರೋಗ. ಮೋಟಾರಿಗೋ, ಸ್ವಿಚ್ಚಿಗೋ, ಚಾರ್ಜರು ಚುಚ್ಚುವ ಜಾಗಕ್ಕೋ ಬೆಸೆದ ತಂತಿ ಬೆಸುಗೆಯಿಂದ ಒಂದು ಜೋಳದ ಕಾಳಿನಷ್ಟು ಆಚೆ ಕಡಿದಿರುತ್ತದೆ. ಬೆಸುಗೆ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ! ರಿಪೇರಿಗೆ ಕೊಟ್ಟರೆ ಅದರ ಮೇಲೆ ಇನ್ನಷ್ಟು ತವರ ಸುರಿದು ದಪ್ಪ ಗುಡ್ಡೆ ಮಾಡಿ ಕೊಡುವವರುಂಟು. ಅದು ಮತ್ತೆ ಅಲ್ಲೇ ಕಡಿಯುತ್ತದೆ.

ಕಾರಣ ತಿಳಿಯಬೇಕಾದರೆ ತಂತಿಯ ಹೊದಿಕೆ ಸುಲಿದು ನೋಡಬೇಕು. ಒಳಗಿರುವುದು ಹಲವು ನವುರಾದ ತಾಮ್ರದ ಎಳೆಗಳ ಹುರಿ. ಎಳೆ ತೆಳ್ಳಗಿದ್ದಷ್ಟೂ ಬಾಗುವಾಗ ಅದಕ್ಕೆ ತಗಲುವ ಪೆಟ್ಟು ಕಡಿಮೆ. ಹುರಿ ಎಷ್ಟು ಸಲ ಬಾಗಿದರೂ ತಾಳುವುದು ಇದರಿಂದಲೇ. ಆದರೆ ಬೆಸೆಯುವಾಗ ಕರಗಿದ ತವರ-ಸೀಸ, ಬತ್ತಿ ಎಣ್ಣೆ ಹೀರಿದಂತೆ, ಎಳೆಗಳ ಸಂದಿನಲ್ಲಿ ಏರಿ ಹೊದಿಕೆಯ ಒಳಗೂ ಹೋಗುತ್ತದೆ. ಆರಿದ ಮೇಲೆ ಅಷ್ಟು ಭಾಗ ಹುರಿಯಲ್ಲ, ಕಡ್ಡಿ. ಈ ಕಡ್ಡಿ ಮುಗಿದು ಹುರಿ ಶುರುವಾಗುವ ಗೆರೆಯಲ್ಲೇ ಬಾಗೆಲ್ಲ ಬಂದು ಕೂಡುತ್ತದೆ. ಇಕ್ಕಳವಿಲ್ಲದಾಗ ಬೇಲಿಯ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ಇಲ್ಲಿ ತಾನಾಗಿಯೇ ನಡೆಯುತ್ತದೆ. 16 ಲೀಟರು ನೀರು ಹೊತ್ತ ಪಂಪು ಹೆಜ್ಜೆ ಹೆಜ್ಜೆಗೂ ಕುಲುಕುತ್ತದೆ, ಮೋಟಾರು ಬೇರೆ ನಡುಗುತ್ತಿರುತ್ತದೆ. ಎಳೆಗಳು ಒಂದೊಂದಾಗಿ ಹರಿಯುತ್ತವೆ. ಮೇಲಿನ ಹೊದಿಕೆ ನೆಟ್ಟಗಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ರಿಪೇರಿಗೆ ಕೈಹಾಕುವ ಮುನ್ನ ಟಾಕಿಯನ್ನೂ ತಳದ ಭಾಗವನ್ನೂ ಚೆನ್ನಾಗಿ ತೊಳೆದು ಒಣಗಿಸಿ, ಬ್ಯಾಟರಿಯನ್ನು ಬಿಡಿಸಿಡತಕ್ಕದ್ದು. ಔಷಧ ಮೆತ್ತಿದ ಜಾಗಕ್ಕೆ ಬಿಸಿ ಸೋಲ್ಡರ್ ಕಡ್ಡಿ ತಾಗಿಸಬಾರದು. ತಂತಿಯಲ್ಲಿ ಗಡುಸಾದ ಭಾಗವನ್ನು ಪೂರಾ ಕತ್ತರಿಸಿ ತೆಗೆಯಿರಿ. ಅದರಿಂದ ತಂತಿ ಗಿಡ್ಡವಾದರೆ ಎಳೆದು ಬಿಗಿಯಬೇಡಿ, ಹೊಸ ತಂತಿಯನ್ನೇ ಹಾಕಿರಿ. ತುದಿಯನ್ನು ಪತ್ತಿಯ ತೂತಿನಲ್ಲಿ ತೂರಿಸಿ ಕೊಕ್ಕೆಯಂತೆ ಮಡಚಿ, ಆಮೇಲೆ ಬೆಸೆಯಿರಿ. ಕೊಡ, ಡಬ್ಬಿ ಬೆಸೆಯುವವರು ಹಚ್ಚುವ ಆಸಿಡ್ ಇಲ್ಲಿ ಬೇಡವೇ ಬೇಡ. ಅದು ಉಳಿದು ತಾಮ್ರವನ್ನು ತಿನ್ನುತ್ತದೆ. ಒಳಗೆ ರಾಳವಿರುವ ಬೆಸುಗೆ ತಂತಿ ಸಾಕು. 60 ಪಾಲು ತವರ, 40 ಪಾಲು ಸೀಸ ಇರುವುದು ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಕರಗುತ್ತದೆ. ಕಡ್ಡಿ ಚೆನ್ನಾಗಿ ಕಾದಿರಲಿ, ಕೆಲಸ ಎರಡು ಮೂರು ಕ್ಷಣದಲ್ಲಿ ಮುಗಿಯಲಿ. ಕಾದಷ್ಟು ಹೊತ್ತೂ ತವರ ಒಳಗೆ ಏರುತ್ತಲೇ ಇರುತ್ತದೆ. ಹೊದಿಕೆಯ ಅಂಚಿನ ಬಳಿ ತಂತಿಯನ್ನು ಚಿಮಟದಿಂದ ಹಿಡಿದರೆ ಬಿಸಿ ಅಲ್ಲಿಗೇ ತಡೆದು ಏರುವುದೂ ನಿಲ್ಲುತ್ತದೆ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ತೊಳೆಯುವುದನ್ನು ಮರೆಯಬಾರದು.

ಇಷ್ಟಾದರೆ ಅರ್ಧ ಕೆಲಸವಾದಂತೆ. ಹೊಸ ಮಾವಿನ ಕಸಿಗೆ ಕೋಲು ನೆಟ್ಟು ಕಟ್ಟುತ್ತೇವೆ. ಗಾಳಿಯ ಅಲುಗಾಟ ಕಸಿಯ ಗಂಟಿಗೆ ತಾಗಬಾರದೆಂದು. ಬೆಸುಗೆಗೂ ಅಂಥ ಆಸರೆ ಬೇಕು. ಬೆಸುಗೆಯಿಂದ ಒಂದೆರಡು ಅಂಗುಲ ಆಚೆ, ಹೊದಿಕೆಯ ಮೇಲೆ, ಪ್ಲಾಸ್ಟಿಕ್ ಟೈ ಪಟ್ಟಿಯಿಂದ ತಂತಿಯನ್ನು ಬಿಗಿಯಿರಿ. ಆದರೆ ಯಾವುದಕ್ಕೆ ಬಿಗಿಯುವುದು? ಇಲ್ಲಿಯೇ ಹಲವರು ಎಡವುತ್ತಾರೆ. ಬೆಸುಗೆ ಮೋಟಾರಿನ ಮೇಲಿದ್ದರೆ ಮೋಟಾರಿನ ಮೈಗೇ ಕಟ್ಟಬೇಕು. ಆಗ ತಂತಿ, ಬೆಸುಗೆ, ಮೋಟಾರು ಮೂರೂ ಒಟ್ಟಿಗೆ ನಡುಗುತ್ತವೆ. ಟಾಕಿಗೆ ಮಾತ್ರ ಕಟ್ಟಿದರೆ ನಡುಗುವ ಮೋಟಾರು ಬೆಸುಗೆಯನ್ನು ಎಳೆದಾಡುತ್ತಲೇ ಇರುತ್ತದೆ. ಮೋಟಾರಿಗೆ ಕಟ್ಟಿದ ಮೇಲೆ ಒಂದು ಸಡಿಲ ಸುತ್ತು ಬಿಟ್ಟು ಟಾಕಿಗೆ ಎರಡನೆಯ ಕಟ್ಟು ಹಾಕಿರಿ.

ಬೆಸುಗೆಯ ಮೇಲೆ ಬಿಸಿಗೆ ಕುಗ್ಗುವ ಸ್ಲೀವು ಹಾಕುವುದೂ ಒಳ್ಳೆಯದೇ. ಎರಡು ಹಾಕಿ, ಮೇಲಿನದನ್ನು ಒಳಗಿನದಕ್ಕಿಂತ ಉದ್ದ ಬಿಟ್ಟರೆ ಗಡಸುತನ ಹಂತಹಂತವಾಗಿ ಇಳಿಯುತ್ತದೆ. ತಗಡಿನ ತೂತಿನಲ್ಲಿ ತಂತಿ ಹಾಯುವ ಕಡೆ ರಬ್ಬರಿನ ಬುಷ್ ಇರಲಿ. ಕಾಯಿಸಿ ಹಾಕುವ ಗೋಂದು ನಮ್ಮ ಬೇಸಿಗೆಯ ಬಿಸಿಲಿಗೆ ಮೆತ್ತಗಾಗುವುದರಿಂದ ಅದನ್ನು ನಂಬಲಾಗದು. ಹುಳಿ ವಾಸನೆಯ ಸಿಲಿಕೋನ್ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ.

ಬ್ಯಾಟರಿಗೆ ಸಿಕ್ಕಿಸುವ ತುದಿಗೆ ಬೆಸುಗೆಯೇ ಬೇಡ. ಲಗ್ ಹಾಕಿ ಅದರದೇ ಇಕ್ಕಳದಿಂದ ಅಮುಕಿದರೆ ಸಾಕು. ಸ್ಕ್ರೂವಿನ ಅಡಿ ಕೂಡುವ ತಂತಿಗೂ ತವರ ಹಚ್ಚಬಾರದು. ಒತ್ತಡಕ್ಕೆ ತವರ ನಿಧಾನವಾಗಿ ಜಾರಿ, ಸ್ಕ್ರೂ ಸಡಿಲಾಗಿ, ಆ ಜಾಗ ಕಾಯುತ್ತದೆ.

ತೊಗರಿ ಹೂ ಬಿಡುವ ಮುಂಚೆಯೇ ಒಮ್ಮೆ ಬರೀ ನೀರು ತುಂಬಿ ಪಂಪು ನಡೆಸಿ, ತಂತಿಯನ್ನು ಪ್ರತಿ ಬೆಸುಗೆಯ ಹತ್ತಿರ ಮೆಲ್ಲಗೆ ಅಲುಗಿಸಿ ನೋಡಿರಿ. ಎಲ್ಲಿ ಮೋಟಾರಿನ ಸದ್ದು ಏರಿಳಿಯುತ್ತದೆಯೋ ಅಲ್ಲಿ ಎಳೆಗಳು ಹರಿಯಹತ್ತಿವೆ.