ತಾತನ ತಂಬೂರಿ, ನನ್ನ ‘ಐ7’

ಗಾಡಿಯ ಮೇಲೆ ರಸಬಾಳೆ ಎಂದು ಕೂಗಿ ಮಾರುವ ಹಣ್ಣೆಲ್ಲ ರಸಬಾಳೆಯಲ್ಲ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದ ನನಗೆ ಇದು ಚೆನ್ನಾಗಿ ಗೊತ್ತು. ಆದರೂ ಹಳೆ ಕಂಪ್ಯೂಟರಿನ ಮೇಲೆ ‘ಐ7’ ಎಂಬ ಸ್ಟಿಕ್ಕರ್ ಕಂಡದ್ದೇ ತಡ, ರಜೆಯಲ್ಲಿ ಕಾರ್ಖಾನೆಗೆ ಹೋಗಿ ದುಡಿದಿದ್ದ 18 ಸಾವಿರ ರೂಪಾಯಿ ಎಣಿಸಿ ಕೊಟ್ಟುಬಿಟ್ಟೆ.

ಕಾರಣ ನಮ್ಮ ತಾತ. ತಿ. ನರಸೀಪುರದ ಹತ್ತಿರ ಅಮ್ಮನ ತವರು. ತಾತ ಅಲ್ಲಿ ನೀಲಗಾರರು. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವವರು. ಇರುಳಿಡೀ ಹಾಡುತ್ತಿದ್ದವರಿಗೆ ಈಗ ಒಂದು ಗಂಟೆಗೇ ದಮ್ಮು ಕಟ್ಟುತ್ತದೆ. ಮನೆಯಲ್ಲಿ ಯಾರೂ ಕಲಿಯಲಿಲ್ಲ, ನಾನೂ ಕಲಿಯಲಿಲ್ಲ. ರೆಕಾರ್ಡ್ ಮಾಡಿಯಾದರೂ ಇಟ್ಟುಕೊಳ್ಳೋಣ ಅನ್ನಿಸಿತು.

ಸಿಪಿಯು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಗೆಳೆಯನಿಂದ ತಂದ ಆಡಿಯೊ ಇಂಟರ್‌ಫೇಸ್‌ಗೆ ಎರಡು ಮೈಕು ಸಿಕ್ಕಿಸಿ, ಒಂದನ್ನು ತಾತನ ಮುಂದೆ, ಇನ್ನೊಂದನ್ನು ತಂಬೂರಿಯ ಹತ್ತಿರ ಇಟ್ಟೆ. ತಾತ ಕಣ್ಣು ಮುಚ್ಚಿ ಮುಕ್ಕಾಲು ಗಂಟೆ ಹಾಡಿದರು. ನಾನು ಹೆಡ್‌ಫೋನ್ ಹಾಕಿ ಪರೀಕ್ಷಿಸುವುದು ಬಿಟ್ಟು ತಾಳ ಹಾಕುತ್ತ ಕೂತಿದ್ದೆ. ಮುಗಿದ ಮೇಲೆ ಕೇಳಿಸಿದರೆ ಉದ್ದಕ್ಕೂ ಪಟ್ ಪಟ್ ಸದ್ದು.

“ಇದೇನ್ಲಾ, ಒಲೆಗೆ ಉಪ್ಪು ಹಾಕ್ದಂಗೆ ಚಟಪಟ ಅಂತದೆ?” ಎಂದರು ತಾತ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತ ಹೋದಾಗಲೇ ಪ್ರೊಸೆಸರ್ ಅಂದರೇನು ಎಂದು ಸ್ವಲ್ಪ ಅರ್ಥವಾದದ್ದು. ಕಂಪ್ಯೂಟರು ಸದ್ದನ್ನು ಸೆಕೆಂಡಿಗೆ 44,100 ತುಣುಕುಗಳಾಗಿ ತೆಗೆದುಕೊಳ್ಳುತ್ತದೆ. ಅವನ್ನು ಕಂತುಗಳಲ್ಲಿ ಪ್ರೊಸೆಸರ್‌ಗೆ ಕೊಡುತ್ತದೆ. ಈ ಕಂತಿನ ಗಾತ್ರವೇ ಬಫರ್. 128 ಇಟ್ಟರೆ ಒಂದು ಕಂತಿಗೆ ಸಿಗುವ ಸಮಯ ಸುಮಾರು 3 ಮಿಲಿಸೆಕೆಂಡ್. ಅಷ್ಟರೊಳಗೆ ಲೆಕ್ಕ ಮುಗಿಯದಿದ್ದರೆ ಆ ಜಾಗದಲ್ಲಿ ‘ಪಟ್’. ನಾನು ಇಟ್ಟಿದ್ದದ್ದು 64. ಸಾಲದ್ದಕ್ಕೆ ದನಿ ಚೆನ್ನಾಗಿರಲಿ ಎಂದು ಮೂರ್ನಾಲ್ಕು ಪ್ಲಗಿನ್‌ಗಳನ್ನೂ ಹೇರಿದ್ದೆ.

ಕೋರ್ ಹೆಚ್ಚಿದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಹೋಟೆಲಿನಲ್ಲಿ ಹತ್ತು ಭಟ್ಟರಿದ್ದರೆ ಹತ್ತು ದೋಸೆ ಒಟ್ಟಿಗೆ ಬರುತ್ತವೆ ನಿಜ, ಆದರೆ ಒಂದೇ ದೋಸೆಯನ್ನು ಹತ್ತು ಜನ ಸೇರಿ ಬೇಗ ಬೇಯಿಸಲಾಗದು. ಒಂದು ಟ್ರ್ಯಾಕಿನ ಪ್ಲಗಿನ್‌ಗಳು ಒಂದರ ನಂತರ ಒಂದು ನಡೆಯಬೇಕು. ಹಾಗಾಗಿ ಸಂಗೀತದ ಕೆಲಸಕ್ಕೆ ಮೊದಲು ನೋಡಬೇಕಾದ್ದು ಒಂದೊಂದು ಕೋರಿನ ವೇಗ. ಟ್ರ್ಯಾಕುಗಳು ಹೆಚ್ಚಾದಂತೆ ಕೋರುಗಳ ಸಂಖ್ಯೆಯೂ ನೆರವಿಗೆ ಬರುತ್ತದೆ.

ನನ್ನದು ಐ7-3770. ಹೊರಬಂದದ್ದು 2012ರಲ್ಲಿ. 2022ರ ಐ3-12100ಕ್ಕೂ ಅಷ್ಟೇ ಕೋರ್, ನಾಲ್ಕು. ಗರಿಷ್ಠ ಗಿಗಾಹರ್ಟ್ಸ್ 3.9 ಮತ್ತು 4.3, ಕಾಗದದ ಮೇಲೆ ದೊಡ್ಡ ಅಂತರವೇನಲ್ಲ. ಆದರೆ ಪ್ರತಿ ಸುತ್ತಿನಲ್ಲಿ ಹೊಸದು ಮುಗಿಸುವ ಕೆಲಸ ಹೆಚ್ಚು. ಹೊಸ ‘ಐ3’ ಹಳೆ ‘ಐ7’ ಅನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಐ3, ಐ5, ಐ7 ಬರೀ ಹೆಸರು. ಅದರ ಮುಂದಿನ ಅಂಕಿಯಲ್ಲಿ ತಲೆಮಾರು ಇರುತ್ತದೆ, ಅದನ್ನು ಓದಿ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯವು ಸಾಮಾನ್ಯವಾಗಿ ಸಲ್ಲುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕೊನೆಯ ಅಕ್ಷರವನ್ನೂ ನೋಡಿ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಕೊಳ್ಳಬೇಕು. ಖರ್ಚು ಹಾಗಿರಲಿ, ಅದರ ಫ್ಯಾನಿನ ಸದ್ದೂ ಮೈಕಿಗೆ ಬೀಳುತ್ತದೆ. ರೈಜನ್ 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಉಳಿದ ದುಡ್ಡಿಗೆ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿ. ಆರು ಕೋರಿನ ಐ5-12400 ಅಥವಾ 5600ಜಿ ಮನೆಯ ಸ್ಟುಡಿಯೊಗೆ ಧಾರಾಳ.

ಆದರೆ ನಾನು ಕಲಿತ ದೊಡ್ಡ ಪಾಠ ಬೇರೆ. ಎರಡು ಮೈಕಿನ ದನಿಯನ್ನು ಬರೀ ಹಿಡಿದಿಡಲು ದೊಡ್ಡ ಪ್ರೊಸೆಸರ್ ಬೇಕಾಗಿಯೇ ಇರಲಿಲ್ಲ. ಪ್ಲಗಿನ್ ಎಲ್ಲ ತೆಗೆದು, ಬಫರ್ 512ಕ್ಕೆ ಏರಿಸಿ, ಅದೇ ಹಳೆ ‘ಐ7’ ಹೊತ್ತು ಮುಂದಿನ ತಿಂಗಳು ಮತ್ತೆ ಹೋದೆ. ಈ ಸಲ ಹೆಡ್‌ಫೋನ್ ಕಿವಿಯಿಂದ ತೆಗೆಯಲಿಲ್ಲ. ಒಂದು ‘ಪಟ್’ ಕೂಡ ಇಲ್ಲ. ಹೊಸ ಪ್ರೊಸೆಸರ್ ಬೇಕಾಗುವುದು ಆಮೇಲೆ, ಹತ್ತಾರು ಟ್ರ್ಯಾಕು ಕೂಡಿಸುವಾಗ, ಸಾಫ್ಟ್‌ವೇರ್ ವಾದ್ಯ ನುಡಿಸುವಾಗ. ಅದಕ್ಕೆ ಈಗ ದುಡ್ಡು ಕೂಡಿಡುತ್ತಿದ್ದೇನೆ.

ತಾತ ಈ ಸಲ ಇಪ್ಪತ್ತು ನಿಮಿಷವಷ್ಟೇ ಹಾಡಿದರು. ಮೊದಲ ದಿನದ ಭಾಗವನ್ನೇ ಹಾಡಿ ಎಂದು ಕೇಳಿದೆ. “ಅವತ್ತು ಬಂದದ್ದು ಅವತ್ತಿಗೆ ಕಣ್ಲಾ” ಎಂದು ತಂಬೂರಿಯನ್ನು ಗೋಡೆಗೆ ತೂಗು ಹಾಕಿದರು.

ನಿಮ್ಮ ಮನೆಯಲ್ಲೂ ಹಾಡುವವರಿದ್ದರೆ ಹೊಸ ಕಂಪ್ಯೂಟರಿಗೆ ಕಾಯಬೇಡಿ. ಇರುವುದರಲ್ಲೇ ಸೆಟ್ಟಿಂಗ್ ಸರಿಮಾಡಿ, ಈ ಭಾನುವಾರವೇ ಮೈಕು ಇಡಿ.