ವೈ-ಫೈ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಕೂಡಲೇ ನಲ್ಲಿಯನ್ನು ಬದಲಿಸುವುದಿಲ್ಲ. ಪಕ್ಕದ ಮನೆಗೆ ನೀರು ಬಂದಿದೆಯೇ ಎಂದು ವಿಚಾರಿಸುತ್ತೇವೆ, ಸಂಪು ನೋಡುತ್ತೇವೆ, ತಾರಸಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆಯುತ್ತೇವೆ. ಮನೆಯ ವೈ-ಫೈ ನಿಂತಾಗ ಮಾತ್ರ ಈ ವಿವೇಕ ನೆನಪಾಗುವುದಿಲ್ಲ. ತಂದೆ ಮಗನ ಆಟಗಳನ್ನು ದೂರುತ್ತಾರೆ, ಮಗ ಕಂಪನಿಯನ್ನು ದೂರುತ್ತಾನೆ, ಕಂಪನಿಯವರು ರೂಟರನ್ನು ದೂರುತ್ತಾರೆ. ಕೊನೆಗೆ ಹೊಸ ರೂಟರ್ ಬಂದರೂ ತೊಂದರೆ ಹಾಗೆಯೇ ಉಳಿಯುತ್ತದೆ.

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಮನೆಗೆ ಬಂದವು. ಶಾಲೆಗಳು ತೆರೆದ ಮೇಲೂ ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಸೀಟಿಗಾಗಿ ಕಾಲೇಜುಗಳ ಆಯ್ಕೆ ಮುಂತಾದ ಕೆಲಸಗಳು ಅಂತರ್ಜಾಲದಲ್ಲೇ ನಡೆಯುತ್ತಿವೆ. ಕೊನೆಯ ದಿನ ಸಂಪರ್ಕ ಕಡಿದುಹೋದರೆ ಬಯಸಿದ ಸೀಟು ಕೈತಪ್ಪಬಹುದು. ಹಾಗಾಗಿ ದೋಷವನ್ನು ಪತ್ತೆಹಚ್ಚುವ ಕ್ರಮ ಮನೆಯವರೆಲ್ಲರಿಗೂ ತಿಳಿದಿರಬೇಕು.

ಅಂತರ್ಜಾಲ ನಮ್ಮ ಕೈಯಲ್ಲಿರುವ ಫೋನಿಗೆ ಮೂರು ಹಂತಗಳಲ್ಲಿ ಬರುತ್ತದೆ. ಹೊರಗಿನಿಂದ ಮನೆಯವರೆಗೆ ತಂತಿ, ನಂತರ ರೂಟರ್, ಅಲ್ಲಿಂದ ಮುಂದೆ ಗಾಳಿಯ ದಾರಿ. ಇವುಗಳಲ್ಲಿ ಕೆಟ್ಟಿರುವುದು ಯಾವುದು ಎಂಬುದೇ ಮೊದಲ ಪ್ರಶ್ನೆ.

ದೀಪ ನೋಡಿ

ಫೈಬರ್ ಸಂಪರ್ಕವಿದ್ದರೆ ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ಎಂಬ ದೀಪವಿರುತ್ತದೆ. ಅದು ಕೆಂಪಗೆ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಮನೆಯನ್ನು ತಲಪುತ್ತಿಲ್ಲ ಎಂದರ್ಥ. ಆಗ ರೂಟರನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ದೂರು ಕೊಡಬೇಕು. ಅದಕ್ಕೂ ಮೊದಲು ಬೀರುವಿನ ಹಿಂದೆ ತಂತು ಮಡಿಸಿಹೋಗಿದೆಯೇ ನೋಡಿ. ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಅದು ತೀರಾ ಬಾಗಿದರೆ ಬೆಳಕು ಸೋರಿಹೋಗುತ್ತದೆ. ಕಳಚಿದ ತಂತುವಿನ ತುದಿಯನ್ನು ಮಾತ್ರ ಇಣುಕಿ ನೋಡಬೇಡಿ. ಅದರಲ್ಲಿರುವ ಲೇಸರ್ ಕಿರಣ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ತಂತಿಯ ಪರೀಕ್ಷೆ

ದೀಪಗಳೆಲ್ಲ ಸರಿಯಿದ್ದರೆ ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ. ಕೇಬಲಿನಲ್ಲೂ ಸಂಪರ್ಕ ತಡವರಿಸಿದರೆ ದೋಷ ರೂಟರಿನಲ್ಲಿ ಅಥವಾ ಹೊರಗಿನ ತಂತಿಯಲ್ಲಿದೆ. ಕೇಬಲಿನಲ್ಲಿ ಚೆನ್ನಾಗಿ ಓಡಿ ವೈ-ಫೈನಲ್ಲಿ ಮಾತ್ರ ನಿಂತರೆ ದೋಷ ಗಾಳಿಯಲ್ಲಿದೆ. ಲ್ಯಾಪ್‌ಟಾಪ್ ಇಲ್ಲದವರು ರೂಟರಿನಿಂದ ಎರಡು ಮೀಟರ್ ದೂರದಲ್ಲಿ ಫೋನ್ ಹಿಡಿದು ನೋಡಿ, ನಂತರ ಓದುವ ಕೋಣೆಗೆ ಹೋಗಿ ಹೋಲಿಸಿ. ಉಳಿದವರ ಫೋನೆಲ್ಲ ಸರಿಯಿದ್ದು ಒಂದೇ ಫೋನ್ ತೊಂದರೆ ಕೊಟ್ಟರೆ ರೂಟರಿನ ತಪ್ಪಲ್ಲ. ಆ ಫೋನಿನಲ್ಲಿ ವೈ-ಫೈ ಹೆಸರನ್ನು ಅಳಿಸಿ, ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಸಿ.

ಗಾಳಿಯಲ್ಲಿ ನೂಕುನುಗ್ಗಲು

ವೈ-ಫೈ ಹೆಚ್ಚಾಗಿ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತದೆ. ಭಾರತದಲ್ಲಿ ಮೊದಲನೆಯದಕ್ಕೆ 2005ರಲ್ಲಿ, ಎರಡನೆಯದರ ಹೆಚ್ಚಿನ ಭಾಗಕ್ಕೆ 2018ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಯಾರು ಬೇಕಾದರೂ ಬಳಸಬಹುದಾದ್ದರಿಂದಲೇ ಇಲ್ಲಿ ಸಂತೆಯ ಗದ್ದಲ. ಸಾಮಾನ್ಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಅಡುಗೆಮನೆಯಲ್ಲಿ ಅದು ಓಡುವಾಗ ಪಾಠ ನಿಂತುನಿಂತು ಬರುವುದು ಆಶ್ಚರ್ಯವಲ್ಲ.

2.4ರ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. 5ರ ತರಂಗಕ್ಕೆ ವೇಗ ಹೆಚ್ಚು, ಆದರೆ ಗೋಡೆಗಳೆದುರು ಬೇಗ ಸೋಲುತ್ತದೆ. ರೂಟರ್ ಇರುವ ಕೋಣೆಯಲ್ಲೇ ಓದುವವರು 5ನ್ನು, ದೂರದ ಕೋಣೆಯವರು 2.4ನ್ನು ಆರಿಸಿಕೊಳ್ಳಬಹುದು. ಅಪಾರ್ಟ್‌ಮೆಂಟುಗಳಲ್ಲಿ ಅಕ್ಕಪಕ್ಕದ ರೂಟರುಗಳು ಒಂದರ ಮೇಲೊಂದು ಬೀಳುತ್ತವೆ. ಅಂಥ ಕಡೆ 2.4ರಲ್ಲಿ ಪರಸ್ಪರ ತಾಗದ 1, 6, 11ನೇ ಚಾನೆಲ್‌ಗಳ ಪೈಕಿ ಜನಸಂದಣಿ ಕಡಿಮೆಯಿರುವುದನ್ನು ಆರಿಸಬೇಕು.

ರೂಟರ್ ಇಡುವ ಜಾಗವೂ ಮುಖ್ಯ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಕಾಂಕ್ರೀಟ್ ಗೋಡೆ ಇವೆಲ್ಲ ತರಂಗವನ್ನು ತಡೆಯುತ್ತವೆ. ಟಿವಿಯ ಹಿಂದೆ ಅಡಗಿಸಿಡದೆ, ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಗಾಳಿಯಾಡುವಂತೆ ಇಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ರೂಟರಿನ ಆರೋಗ್ಯ

ಮುಟ್ಟಲಾರದಷ್ಟು ಬಿಸಿಯಾಗುವುದು, ಅಡಾಪ್ಟರಿನ ಪಿನ್ ಸಡಿಲವಾಗುವುದು ಸಾಮಾನ್ಯ ಕಾರಣಗಳು. ಒಮ್ಮೆ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿದರೆ ಎಷ್ಟೋ ಬಾರಿ ಸರಿಹೋಗುತ್ತದೆ. ಆದರೆ ಇದನ್ನು ದಿನವೂ ಮಾಡಬೇಕಾಗಿ ಬಂದರೆ ಅದು ಔಷಧಿಯಲ್ಲ, ರೋಗದ ಲಕ್ಷಣ. ಪದೇಪದೇ ಕರೆಂಟು ಹೋಗುವ ಊರುಗಳಲ್ಲಿ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಉಪಯುಕ್ತ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟನ್ನೇ ಕೇಳಿ ಪಡೆಯಿರಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಒಂದು ವಾರ ನೋಟ್‌ಪುಸ್ತಕದಲ್ಲಿ ಸಂಪರ್ಕ ಕಡಿದ ಹೊತ್ತು, ಆಗ ಉರಿಯುತ್ತಿದ್ದ ದೀಪ, ಕೇಬಲ್ ಪರೀಕ್ಷೆಯ ಫಲ ಇಷ್ಟನ್ನು ಬರೆದಿಡಿ. ಮಳೆ ಬಂದಾಗಲೆಲ್ಲ ನಿಂತರೆ ಹೊರಗಿನ ತಂತಿಯ ಮೇಲೆ ಅನುಮಾನ ಪಡಿ. ಅಡುಗೆಯ ಹೊತ್ತಿಗೆ ನಿಂತರೆ ಮೈಕ್ರೋವೇವ್ ಒಲೆಯ ಮೇಲೆ. ರಾತ್ರಿ ಎಲ್ಲರೂ ಮನೆಯಲ್ಲಿರುವಾಗ ನಿಧಾನವಾದರೆ ಬಳಕೆಯ ಒತ್ತಡದ ಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲ ನೋಡಿ. ಪ್ರಯೋಗಾಲಯದಲ್ಲಿ ಕಲಿಯುವ ವಿಧಾನವೂ ಇದೇ. ದೂರು ಕೊಡುವಾಗ ಈ ಪುಟವನ್ನು ಓದಿ ಹೇಳಿದರೆ ‘ರೀಸ್ಟಾರ್ಟ್ ಮಾಡಿ’ ಎಂಬ ಉತ್ತರದಿಂದ ನಿಮ್ಮನ್ನು ಸಾಗಹಾಕುವುದು ಕಷ್ಟ.

ಪೋಷಕರೂ ಮಕ್ಕಳನ್ನು ಗದರಿಸುವ ಮುನ್ನ ಆ ಪುಟವನ್ನೊಮ್ಮೆ ನೋಡಲಿ. ಅರ್ಜಿಯ ಕೊನೆಯ ದಿನಕ್ಕೆ ಕಾಯದೆ ಎರಡು ದಿನ ಮೊದಲೇ ಕೆಲಸ ಮುಗಿಸಿ. ಆಗಲೂ ವೈ-ಫೈ ಕೈಕೊಟ್ಟರೆ ಫೋನಿನ ಹಾಟ್‌ಸ್ಪಾಟ್ ಇದ್ದೇ ಇದೆ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವುದನ್ನು ಇಂದೇ ಒಮ್ಮೆ ಅಭ್ಯಾಸ ಮಾಡಿಟ್ಟುಕೊಳ್ಳಿ.