ಕೈ ಬಿಗಿಯಾದಾಗ ಮಕ್ಕಳಿಗೆ ಏನು ಹೇಳುತ್ತೀರಿ?

ತಿಂಗಳ ಇಪ್ಪತ್ತನೇ ತಾರೀಖು ದಾಟಿತೆಂದರೆ ಸಾಸಿವೆ ಡಬ್ಬಿಯ ತಳ ತಡಕುವ ಮನೆಗಳು ಒಂದೆರಡಲ್ಲ. ಅದೇ ಹೊತ್ತಿಗೆ ಮಗಳು ಶಾಲೆಯಿಂದ ಬಂದು, "ಅಮ್ಮಾ, ಟೂರಿಗೆ ದುಡ್ಡು ಕೊಡು, ಎಲ್ಲರೂ ಹೋಗ್ತಿದಾರೆ" ಎನ್ನುತ್ತಾಳೆ. ಆಗ ನಿಮ್ಮ ಬಾಯಿಂದ ಬರುವ ಮಾತು ಯಾವುದು?

"ದುಡ್ಡೇನು ಗಿಡದಲ್ಲಿ ಬಿಡುತ್ತಾ?" ಎಂದು ಗದರುವವರುಂಟು. ಮಗುವಿನ ಮುಖ ಬಾಡಬಾರದೆಂದು ಸಾಲ ಮಾಡಿ ಕಳಿಸುವವರೂ ಉಂಟು. ಕಷ್ಟ ತಾನಾಗಿಯೇ ಮಕ್ಕಳಿಗೆ ಬುದ್ಧಿ ಕಲಿಸುತ್ತದೆ ಎಂದು ನಂಬಿ ಕೂರಬೇಡಿ. ಗದರಿಸಿಕೊಂಡ ಮಗು ನಾಳೆ ನೋಟ್‌ ಪುಸ್ತಕ ಮುಗಿದರೂ ಕೇಳದೆ ಸುಮ್ಮನಿದ್ದೀತು, ಮನೆಗೆ ತಾನೇ ಭಾರ ಎಂದುಕೊಂಡೀತು. ಕೇಳಿದ್ದೆಲ್ಲ ಸಿಕ್ಕ ಮಗುವಿಗೆ ಹಾಸಿಗೆ ಎಷ್ಟು ಉದ್ದವಿದೆ ಎಂಬುದೇ ಗೊತ್ತಾಗದು. "ಈ ತಿಂಗಳು ಆಗಲ್ಲ ಕಂದಾ, ಯಾಕೆ ಅಂತ ಹೇಳ್ತೀನಿ ಬಾ" ಎಂದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಸರವಾದರೂ ಅವಳಿಗೆ ಅವಮಾನವಾಗುವುದಿಲ್ಲ.

1931ರಲ್ಲಿ ರಾಮೇಶ್ವರದಲ್ಲಿ ಹುಟ್ಟಿದ ಅಬ್ದುಲ್ ಕಲಾಂ ಅವರನ್ನೇ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ರೈಲು ನಿಲ್ಲುವುದು ತಪ್ಪಿ, ಓಡುವ ಗಾಡಿಯಿಂದಲೇ ಪತ್ರಿಕೆಯ ಕಟ್ಟುಗಳನ್ನು ಎಸೆಯುತ್ತಿದ್ದರು. ಅವನ್ನು ಹಿಡಿಯಲು ಬಾಲಕ ಕಲಾಂ ತಮ್ಮ ಬಂಧುವೊಬ್ಬರಿಗೆ ನೆರವಾದರು. ಹೀಗೆ ಮೊದಲ ಬಾರಿ ದುಡಿದ ಹೆಮ್ಮೆಯನ್ನು ಅರ್ಧ ಶತಮಾನದ ನಂತರವೂ ನೆನೆದು ಬರೆದರು. ನಾವು ಮಕ್ಕಳನ್ನು ದುಡಿಮೆಗೆ ಹಚ್ಚಬೇಕಿಲ್ಲ. ಆದರೆ "ನಿನ್ನಿಂದ ಆಗುತ್ತೆ" ಎಂದು ನಂಬಿ ಒಪ್ಪಿಸಿದ ಕೆಲಸ ಮಗುವನ್ನು ಎಷ್ಟು ಬೆಳೆಸುತ್ತದೆ ನೋಡಿ!

ನಿಮ್ಮ ಮನೆಯಲ್ಲಿ ಹೀಗೆ ಮಾಡಬಹುದು:

• ಸಂಬಳ ಬಂದ ದಿನ ಬಾಡಿಗೆ, ಹಾಲು, ದಿನಸಿ, ಕರೆಂಟ್ ಬಿಲ್ಲಿನ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಬರೆಸಿ.

• ನೂರು ರೂಪಾಯಿ ಕೊಟ್ಟು ತರಕಾರಿಗೆ ಕಳಿಸಿ. ಉಳಿದ ಚಿಲ್ಲರೆ ಅವರ ಹುಂಡಿಗೆ ಸೇರಲಿ.

• ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆಯಬಹುದು. ಹುಂಡಿ ತುಂಬಿದಾಗ ಕರೆದುಕೊಂಡು ಹೋಗಿ.

• ಸಾಲದ ಚಿಂತೆ, ಗಂಡಹೆಂಡಿರ ಜಟಾಪಟಿ ಮಕ್ಕಳ ಕಿವಿಗೆ ಬೇಡ. ಲೆಕ್ಕ ತಿಳಿಯಲಿ, ಹೆದರಿಕೆ ಬೇಡ.

ಕೊನೆಗೊಂದು ಮಾತು. ಹಣ ಸಾಲದಾದಾಗ ಮಗನಿಗೆ ಹೊಸ ಷೂ ಬರುತ್ತದೆ, ಮಗಳಿಗೆ "ನೀನು ಜಾಣೆ, ಅರ್ಥ ಮಾಡ್ಕೋ" ಎಂಬ ಹೊಗಳಿಕೆ ಸಿಗುತ್ತದೆ. ಇದರಿಂದ ಮಗಳು ಕಲಿಯುವುದು ಬಿಟ್ಟುಕೊಡುವುದನ್ನು, ಮಗ ಕಲಿಯುವುದು ಕಿತ್ತುಕೊಳ್ಳುವುದನ್ನು. ಇರುವುದು ಒಂದೇ ರೊಟ್ಟಿಯಾದರೂ ಸಮವಾಗಿ ಮುರಿದು ಕೊಡಿ. ಹಂಚಿಕೊಂಡು ಬಾಳುವುದನ್ನು ಇಬ್ಬರೂ ನಿಮ್ಮ ಕೈ ನೋಡಿಯೇ ಕಲಿಯುತ್ತಾರೆ.